ಕೆರೆ ಬದುಕುವುದು ಅಂಚಿನಲ್ಲಿ

ಬೆಂಗಳೂರಿನಲ್ಲಿ ಕೆರೆ ಅಭಿವೃದ್ಧಿ ಅಂದರೆ ಹೂಳೆತ್ತಿ ಆಳ ಮಾಡುವುದು, ಸುತ್ತಲೂ ಏರಿ ಎಬ್ಬಿಸಿ ಕಲ್ಲು ಹಾಸುವುದು, ಅದರ ಮೇಲೆ ವಾಕಿಂಗ್ ಪಾತ್, ಬೇಲಿ, ಗೇಟು. ನೋಡಲು ಚಂದ. ಅಷ್ಟೊತ್ತಿಗೆ ಕೆರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುವ ಜಾಗ ಹೋಗಿಬಿಟ್ಟಿರುತ್ತದೆ. ಮೊಣಕಾಲುದ್ದ ನೀರು ನಿಂತು, ಜೊಂಡು ಬೆಳೆದು, ಬರೀ ಕೆಸರೆಂದು ಕಾಣುವ ಅಂಚು ಅದು.

ಜೊಂಡಿನ ಒಂದು ಎಲೆಯನ್ನು ಬುಡದ ಹತ್ತಿರ ಅಡ್ಡಕ್ಕೆ ಕೊಯ್ದು ನೋಡಿ. ಒಳಗೆ ಸಾಲುಸಾಲಾಗಿ ಪುಟ್ಟ ಕೋಣೆಗಳು, ತಾವರೆ ದಂಟಿನ ತೂತುಗಳ ಹಾಗೆ, ತುಂಬ ಗಾಳಿ. ಈ ಗಾಳಿ ಬೇರಿನವರೆಗೂ ಇಳಿದು, ಒಂದಿಷ್ಟು ಆಮ್ಲಜನಕ ಸುತ್ತಲಿನ ಕೆಸರಿಗೆ ಸೋರುತ್ತದೆ. ಕೊಳಚೆ ನೀರಿನ ಸಾರಜನಕ ಬಹುಪಾಲು ಅಮೋನಿಯಾ ರೂಪದಲ್ಲಿ ಬರುತ್ತದೆ. ಬೇರಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಆ ಆಮ್ಲಜನಕದಿಂದ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಅಲ್ಲಿಂದ ಕೆಲವೇ ಮಿಲಿಮೀಟರ್ ಆಚೆ ಆಮ್ಲಜನಕದ ಸುಳಿವೇ ಇಲ್ಲ. ಅಲ್ಲಿರುವ ಬೇರೆ ಬ್ಯಾಕ್ಟೀರಿಯಾ ಉಸಿರಾಟಕ್ಕೆ ನೈಟ್ರೇಟನ್ನೇ ಬಳಸಿ, ಸಾರಜನಕವನ್ನು ಅನಿಲವಾಗಿ ಗಾಳಿಗೆ ಬಿಡುತ್ತವೆ. ಒಬ್ಬರು ಭತ್ತ ಕುಟ್ಟಿ ಪಕ್ಕದಲ್ಲೇ ಇನ್ನೊಬ್ಬರು ಕೇರಿದ ಹಾಗೆ. ಕುಟ್ಟುವವರಿಲ್ಲದೆ ಕೇರುವವರಿಗೆ ಕೆಲಸವಿಲ್ಲ, ಹೊಟ್ಟು ಮಾತ್ರ ಗಾಳಿಗೆ ಹಾರಿಹೋಗುತ್ತದೆ. ತಿಪ್ಪೆಯ ಒಣ ಮೇಲ್ಪದರವೂ ಕೊಳೆಯುವ ತಳವೂ ಬೆರಳಗಲದಲ್ಲಿ ಸೇರಿದವು ಅಂತಲೂ ಅನ್ನಬಹುದು. ಎರಡೂ ವಾತಾವರಣ ಒತ್ತಿಗೇ ಸಿಗುವ ಇಂಥ ತಾಣ ಕೆರೆಯ ನಡುವಿನ ಆಳದ ನೀರಿನಲ್ಲಿ ಅಪರೂಪ.

ರಂಜಕ, ಅಂದರೆ ಫಾಸ್ಫರಸ್, ಹೀಗೆ ಹಾರಿಹೋಗುವುದಿಲ್ಲ. ಅದು ಹೂಳಿನಲ್ಲೂ ಗಿಡದಲ್ಲೂ ಕೂರುತ್ತದೆ. ಆದ್ದರಿಂದ ಜೊಂಡನ್ನು ಸರದಿಯಂತೆ, ಒಂದೊಂದು ಭಾಗವಾಗಿ ಕೊಯ್ದು ಹೊರಗೆ ಸಾಗಿಸಬೇಕು. ಕೊಯ್ದದ್ದನ್ನು ದಡದಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ಕೊಳೆತು ಎಲ್ಲವೂ ವಾಪಸ್ ನೀರಿಗೆ. ಕೊಯ್ಯುವಾಗ ಮೋಟು ನೀರಿನ ಮೇಲೆ ನಿಲ್ಲಬೇಕು. ಮುಳುಗಿದರೆ ಗಾಳಿಯ ಕೊಳವೆಗೆ ನೀರು ನುಗ್ಗಿ ಬೇರು ಉಸಿರುಗಟ್ಟಿ ಸಾಯುತ್ತದೆ.

ಈಗ ಲೆಕ್ಕ. ದಡದ ಇಳಿಜಾರು 10 ಮೀಟರಿಗೆ 1 ಮೀಟರ್ ಇದ್ದರೆ, ಅರ್ಧ ಮೀಟರ್ ಆಳದವರೆಗಿನ ಪಟ್ಟಿ 5 ಮೀಟರ್ ಅಗಲ. ಕಲ್ಲು ಹಾಸಿದ ದಡದಲ್ಲಿ ಒಂದೂವರೆ ಮೀಟರಿಗೇ 1 ಮೀಟರ್ ಇಳಿದರೆ ಅದೇ ಪಟ್ಟಿ 75 ಸೆಂಟಿಮೀಟರ್. ಸುತ್ತಳತೆ 2 ಕಿಲೋಮೀಟರ್ ಇರುವ ಕೆರೆಗೆ ಮೊದಲಿನದು 10,000 ಚದರ ಮೀಟರ್, ಎರಡನೆಯದು 1,500. ಕೆರೆಯ ಹೆಸರು, ಸರ್ವೆ ನಂಬರ್, ಎಕರೆ ಎಲ್ಲ ಅದೇ ಇರುತ್ತದೆ. ತೊಳೆಯುವ ಶಕ್ತಿ ಮಾತ್ರ ಏಳನೇ ಒಂದು ಭಾಗಕ್ಕೆ ಹತ್ತಿರ ಇಳಿದಿರುತ್ತದೆ.

ಹಳಬರು ಏರಿ ಹಾಕಿದ್ದು ತಗ್ಗಿನ ಕಡೆಗೆ ಮಾತ್ರ. ಮೇಲಿನ ಕಡೆ ನೀರು ಮೆಲ್ಲನೆ ಹರಡಿ, ಬೇಸಿಗೆಗೆ ಹಿಂದೆ ಸರಿಯಲು ಬಿಟ್ಟರು. ಒಣಗಿದ ಕೆರೆಯಂಗಳದಲ್ಲಿ ದನ ಮೇಯುತ್ತಿದ್ದವು, ಗೋಡು ಹೊಲಕ್ಕೆ ಹೋಗುತ್ತಿತ್ತು, ತೂಬು ನೀರುಗಂಟಿಯ ಕೈಯಲ್ಲಿತ್ತು. ಮಡಿವಾಳದ ಕೋಡಿ ಅಗರಕ್ಕೆ, ಅಗರದ್ದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ ನದಿ. ಧರ್ಮಾಂಬುಧಿ ಕೆರೆ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ. ಉಳಿದ ಕೆರೆಗಳನ್ನು ಕಾಪಾಡಿ ಎಂದು ಸರ್ಕಾರ ನೇಮಿಸಿದ್ದ ಲಕ್ಷ್ಮಣ ರಾವ್ ಸಮಿತಿ 1980ರ ದಶಕದಲ್ಲೇ ಹೇಳಿತ್ತು. ಸರಪಳಿಯ ಮೇಲಿನ ಕೊಂಡಿಗಳು ಕಳಚಿದರೆ ಕೊಳೆಯೆಲ್ಲ ಕೆಳಗಿನ ಕೆರೆಗೆ. ಬೆಳ್ಳಂದೂರಿನಲ್ಲಿ ನೊರೆ ಎದ್ದು, 2015ರಿಂದ ಪದೇ ಪದೇ ಬೆಂಕಿ ಹತ್ತಿಕೊಂಡದ್ದನ್ನು ದೇಶವೇ ನೋಡಿತು.

ಯೋಜನಾ ನಿಯಮ ಮುಖ್ಯವಾಗುವುದು ಇಲ್ಲೇ. 2007ರಲ್ಲಿ ಜಾರಿಗೆ ಬಂದ ‘ಪರಿಷ್ಕೃತ ಮಹಾಯೋಜನೆ 2015’ ಕೆರೆಗೆ 30 ಮೀಟರ್ ಬಫರ್, ಅಂದರೆ ಕಟ್ಟಡ ಕಟ್ಟದೆ ಬಿಡಬೇಕಾದ ಪಟ್ಟಿ, ಕೊಟ್ಟಿತು. ಮಳೆನೀರು ಸಾಗಿಸುವ ರಾಜಕಾಲುವೆಗಳಲ್ಲಿ ದೊಡ್ಡವಾದ ಪ್ರಾಥಮಿಕಕ್ಕೆ 50, ದ್ವಿತೀಯಕ್ಕೆ 25, ಸಣ್ಣವಾದ ತೃತೀಯಕ್ಕೆ 15 ಮೀಟರ್, ಅಳತೆ ಕಾಲುವೆಯ ನಡುಗೆರೆಯಿಂದ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75, ಕಾಲುವೆಗಳಿಗೆ 50, 35, 25 ಮೀಟರ್, ಅದೂ ಅಂಚಿನಿಂದ ಅಳೆಯಬೇಕು ಎಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಚರ್ಚೆಯೆಲ್ಲ 30 ಸರಿಯೋ 75 ಸರಿಯೋ ಎಂಬುದರ ಸುತ್ತಲೇ ನಡೆಯಿತು. ಎಲ್ಲಿಂದ ಅಳೆಯುತ್ತೀರಿ ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ. 8 ಮೀಟರ್ ಅಗಲದ ಕಾಲುವೆಗೆ ನಡುವಿನಿಂದ 15 ಮೀಟರ್ ಅಳೆದರೆ ದಡದಲ್ಲಿ ಉಳಿಯುವುದು 11. ಕೆರೆಯನ್ನೂ ಇವತ್ತು ನೀರು ನಿಂತ ಜಾಗದಿಂದ ಅಳೆಯಬಾರದು, ಕೋಡಿ ಬೀಳುವ ಮಟ್ಟದಿಂದಲೇ ಅಳೆಯಬೇಕು.

ಇನ್ನೊಂದು ತೊಡಕು ಇದೆ. ಸಣ್ಣ ಕಾಲುವೆ, ಸಣ್ಣ ಬಫರ್. ಆದರೆ ಊರಿನ ನೀರು ಮೊದಲು ಇಳಿಯುವುದು ಈ ಸಣ್ಣವಕ್ಕೇ, ಒಟ್ಟು ಉದ್ದದಲ್ಲಿ ಹೆಚ್ಚಿನ ಪಾಲೂ ಇವುಗಳದೇ. ಒಂದು ಎಕರೆಗೆ 50 ಮಿಲಿಮೀಟರ್ ಮಳೆ ಬಿದ್ದರೆ 2 ಲಕ್ಷ ಲೀಟರ್. ನೆಲ ಪೂರ್ತಿ ಕಾಂಕ್ರೀಟಾಗಿದ್ದರೆ ಬಹುಪಾಲು ಅಲ್ಲೇ ಹರಿದು ಬರುತ್ತದೆ, 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮೂವತ್ತರ ಹತ್ತಿರ. ಇಷ್ಟನ್ನು ಸಿಮೆಂಟು ಚರಂಡಿ ತಡೆಯುವುದಿಲ್ಲ, ನೇರ ಕೆರೆಗೆ ನುಗ್ಗಿಸುತ್ತದೆ. ಕೊಳಚೆ ತಪ್ಪಿಸಲೆಂದು ಕೆರೆಯ ಸುತ್ತ ತೋಡುವ ಬದಲಿ ಕಾಲುವೆಯದೂ ಇದೇ ತಾಪತ್ರಯ. ಮಳೆನೀರನ್ನೂ ಅದೇ ಎಳೆದೊಯ್ದು, ಕೊಳಚೆಯನ್ನು ಮುಂದಿನ ಕೆರೆಗೆ ದಾಟಿಸುತ್ತದೆ. ಜಕ್ಕೂರು ಕೆರೆಯ ಕ್ರಮ ಮೇಲು: ಮೊದಲು ಶುದ್ಧೀಕರಣ ಘಟಕ, ಆಮೇಲೆ ಜೊಂಡಿನ ಜೌಗು, ಕೊನೆಗೆ ಕೆರೆ.

ನಿಮ್ಮ ಬಡಾವಣೆಯ ಕಾಲುವೆ ಎಲ್ಲಿತ್ತೆಂದು ತಿಳಿಯಲು ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ, ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ. ಹಳ್ಳದ ಗೆರೆ ನಕ್ಷೆಯಲ್ಲಿದ್ದು ನೆಲದ ಮೇಲೆ ಇಲ್ಲದಿದ್ದರೆ ಅದೇ ನಿಮ್ಮ ಆಧಾರ. ಭೂ ಬಳಕೆ ಬದಲಾವಣೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಾಗ ಆಕ್ಷೇಪಣೆಯಲ್ಲಿ ಸರ್ವೆ ನಂಬರ್, ಕಾಲುವೆಯ ದರ್ಜೆ, ಅದರ ಅಗಲ, ದಡದಿಂದ ಕಟ್ಟಡಕ್ಕೆ ಉಳಿಯುವ ದೂರ ಬರೆದು ನಕ್ಷೆಯ ಪ್ರತಿ ಲಗತ್ತಿಸಿ, ಗಡುವಿನೊಳಗೆ ಕೊಟ್ಟು ಸ್ವೀಕೃತಿ ಪಡೆಯಿರಿ.