ಸೆಟ್ ಸಾಲುತ್ತಿಲ್ಲವೋ, ಎಲ್ಲೋ ಕೂತಿದೆಯೋ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಎರಡು ಒಟಿ (ಆಪರೇಷನ್ ಥಿಯೇಟರ್) ಇರುವ ಆಸ್ಪತ್ರೆ. ಸಿಸೇರಿಯನ್, ಹರ್ನಿಯಾ ಎಲ್ಲ ಸೇರಿ ದಿನಕ್ಕೆ ಆರು ಕೇಸು. ಮಧ್ಯಾಹ್ನದ ಹೊತ್ತಿಗೆ ಆಪರೇಷನ್ ಉಪಕರಣಗಳ ಸೆಟ್ ಖಾಲಿ, ಡಾಕ್ಟರು ಕಾಯಬೇಕು. ಇನ್ನೂ ನಾಲ್ಕು ಸೆಟ್ ಕೊಳ್ಳಬೇಕೇ?

ಉತ್ತರ: ಬೇಡ. ಇದನ್ನೇ ಹರಿಹರದವರೂ ಕೇಳುತ್ತಾರೆ, ಚಿತ್ರದುರ್ಗದವರೂ ಕೇಳುತ್ತಾರೆ, ಉತ್ತರ ಮಾತ್ರ ಒಂದೇ. ಇಂಡೆಂಟ್ (ಖರೀದಿಯ ಬೇಡಿಕೆ ಚೀಟಿ) ಬರೆಯುವ ಮುಂಚೆ ಒಂದು ದಿನ ಒಂದೇ ಸೆಟ್ಟಿನ ಬೆನ್ನು ಹತ್ತಿ. ಬೆಳಿಗ್ಗೆ 9ಕ್ಕೆ ಬಿಚ್ಚಿದ ಸಿಸೇರಿಯನ್ ಸೆಟ್ ಒಟಿ ಕಪಾಟಿಗೆ ಯಾವಾಗ ವಾಪಸ್ ಬಂತು, ನಡುವೆ ಎಲ್ಲೆಲ್ಲಿ ಸುಮ್ಮನೆ ಕೂತಿತ್ತು, ಗಡಿಯಾರ ನೋಡಿ ಬರೆದುಕೊಳ್ಳಿ. ತೊಳೆಯಲು ಅರ್ಧ ಗಂಟೆ, ನೋಡಿ ಜೋಡಿಸಿ ಕಟ್ಟಲು ಕಾಲು ಗಂಟೆ. ಉಗಿಯಿಂದ ಕ್ರಿಮಿ ಕೊಲ್ಲುವ ಮೆಷಿನ್, ಅಂದರೆ ವ್ಯಾಕ್ಯೂಮ್ ಆಟೋಕ್ಲೇವ್, 134 ಡಿಗ್ರಿಯಲ್ಲಿ ಹಿಡಿಯುವುದು ಮೂರು ನಾಲ್ಕು ನಿಮಿಷವಷ್ಟೇ, ಆದರೆ ಗಾಳಿ ತೆಗೆದು, ಕಾದು, ಒಣಗುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ಗಂಟೆ. ತಣಿಯಲು ಇನ್ನೊಂದು ಅರ್ಧ, ಮುಕ್ಕಾಲು ಗಂಟೆ. ಎಲ್ಲ ಸೇರಿ ಎರಡೂವರೆ ಗಂಟೆಯ ಕೆಲಸ. ಸೆಟ್ ಬಂದದ್ದು ಸಂಜೆ 5ಕ್ಕಾದರೆ ಉಳಿದ ಹೊತ್ತೆಲ್ಲ ಅದು ಬಕೆಟ್ಟಿನಲ್ಲೋ, "ಇನ್ನೆರಡು ಬರಲಿ, ಒಟ್ಟಿಗೇ ಹಾಕೋಣ" ಎಂಬ ಸಾಲಿನಲ್ಲೋ ಕೂತಿತ್ತು.

ಲೆಕ್ಕ ಸುಲಭ. ಸೆಟ್ ಬಿಚ್ಚಿ ಮತ್ತೆ ಕಪಾಟಿಗೆ ಬರುವ ಒಂದು ಸುತ್ತಿಗೆ 8 ಗಂಟೆ, ಎರಡು ಗಂಟೆಗೊಂದು ಸಿಸೇರಿಯನ್ ಎಂದರೆ 4 ಸೆಟ್ ಬೇಕು. ಸುತ್ತು 4 ಗಂಟೆಗೆ ಇಳಿದರೆ 2 ಸಾಕು. ರಾತ್ರಿಯ ಎಮರ್ಜೆನ್ಸಿಗೆ ಒಂದು ಸೇರಿಸಿ. ಟೊಯೋಟಾದಲ್ಲಿ ತಾಯಿಚಿ ಓನೊ ಬೆಳೆಸಿದ, ಈಗ ಲೀನ್ ಎಂದು ಕರೆಯುವ ಪದ್ಧತಿಯ ತಿರುಳು ಇಷ್ಟೇ: ಕಾಯುವುದನ್ನು ತೆಗೆಯಿರಿ. ಕೈ ಓಡಿಸಿ ತೊಳೆಯಿರಿ ಎಂದು ಅದು ಎಲ್ಲೂ ಹೇಳುವುದಿಲ್ಲ.

ಈಗ ಎಷ್ಟು ಹೇಳಿದರೂ ಹೋಗದ ನಂಬಿಕೆ: "ಸೆಟ್ಟಿನ ಟ್ರೇಯಲ್ಲಿ ಉಪಕರಣ ಹೆಚ್ಚಿಗೆ ಇದ್ದರೆ ಒಳ್ಳೆಯದಲ್ಲವೇ, ಬೇಕಾದಾಗ ಕೈಗೆ ಸಿಗುತ್ತದೆ." ಸಿಗುವುದಿಲ್ಲ. ಅರವತ್ತರ ರಾಶಿಯಲ್ಲಿ ಸಿಸ್ಟರ್ ಬ್ಯಾಬ್‌ಕಾಕ್ (ಅಂಗಾಂಶ ಹಿಡಿಯುವ ಇಕ್ಕಳ) ಹುಡುಕಬೇಕು. ಟ್ರೇ ಬಿಚ್ಚಿದ ಮೇಲೆ ಮುಟ್ಟಿದ್ದು, ಮುಟ್ಟದ್ದು ಎಂಬ ಭೇದವಿಲ್ಲ, ಎಲ್ಲವೂ ಬಳಸಿದ್ದೇ, ಎಲ್ಲವನ್ನೂ ಮೊದಲಿಂದ ತೊಳೆಯಬೇಕು. 60ರಲ್ಲಿ ಬಳಸಿದ್ದು 25 ಎಂದುಕೊಳ್ಳಿ. ಉಳಿದ 35, ಆರು ಕೇಸಿಗೆ 210. ಒಂದೊಂದರ ಲಾಕ್ ಬಿಚ್ಚಿ, ಉಜ್ಜಿ, ಕೀಲಿನಲ್ಲಿ ಬೋರ್ ನೀರಿನ ಬಿಳಿ ಕರೆ ಇದೆಯೇ ನೋಡಲು ಅರ್ಧ ನಿಮಿಷವೆಂದರೂ 105 ನಿಮಿಷ. ಯಾರೂ ಬಳಸದ ಕಬ್ಬಿಣಕ್ಕೆ ದಿನಕ್ಕೆ ಒಂದೂಮುಕ್ಕಾಲು ಗಂಟೆ!

ಮೇಲಾಗಿ ಭಾರದ ಟ್ರೇ ಒಣಗುವುದಿಲ್ಲ. ಲೋಹ ಹೆಚ್ಚಾದಷ್ಟೂ ಉಗಿ ತಣಿದು ನೀರಾಗುತ್ತದೆ, ಅದು ತಳದಲ್ಲಿ ನಿಂತು ಟ್ರೇಗೆ ಸುತ್ತಿದ ಬಟ್ಟೆ ಒದ್ದೆಯಾಗುತ್ತದೆ. ಒದ್ದೆ ಬಟ್ಟೆಯ ಮೂಲಕ ಕ್ರಿಮಿ ಒಳಗೆ ಹೋಗುವುದರಿಂದ ಆ ಪ್ಯಾಕ್ ಬಳಸುವಂತಿಲ್ಲ, ಪುನಃ ಮೊದಲಿಂದ. ಟ್ರೇ 10 ಕಿಲೋ ದಾಟಬಾರದು. ಹೆಚ್ಚಿಗೆ ಇಡುವುದು ಸುರಕ್ಷೆಯ ಹೆಸರಿನಲ್ಲಿ ಸುರಕ್ಷೆಯನ್ನೇ ಕೆಡಿಸುವ ಕೆಲಸ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಾದರೆ ಕಡಿಮೆ ಮಾಡುವುದು ಹೇಗೆ? ಟ್ರೇ ಪಟ್ಟಿಯ ಜೆರಾಕ್ಸ್ ಮಾಡಿಸಿ, 20 ಕೇಸುಗಳಲ್ಲಿ ಬಳಸಿದ್ದಕ್ಕೆಲ್ಲ ಟಿಕ್ ಹಾಕಿ. ಟಿಕ್ಕೇ ಇಲ್ಲದ್ದು ಹೊರಗೆ. ಒಂದೆರಡು ಟಿಕ್ ಬಿದ್ದದ್ದನ್ನು ಒಂದೊಂದಾಗಿ ಪೌಚಿನಲ್ಲಿ (ಆಟೋಕ್ಲೇವಿಗೆ ಹಾಕುವ ಲಕೋಟೆ) ಸೀಲ್ ಮಾಡಿ ಒಟಿಯಲ್ಲೇ ತೂಗುಹಾಕಿ. ರಕ್ತಸ್ರಾವ ನಿಲ್ಲಿಸುವ ಕ್ಲ್ಯಾಂಪ್‌ಗಳನ್ನು ಟಿಕ್ ನೋಡಿ ತೆಗೆಯಬೇಡಿ, ಅವುಗಳಿಗೆ ಬೇರೆ ಎಮರ್ಜೆನ್ಸಿ ಟ್ರೇ ಇರಲಿ. ಹೊಸ ಪಟ್ಟಿಗೆ ಎಲ್ಲ ಸರ್ಜನ್‌ಗಳ ಸಹಿ ಬೇಕು. ಒಬ್ಬರು ಬಿಟ್ಟುಹೋದರೆ ತಿಂಗಳೊಳಗೆ ಟ್ರೇ ಮತ್ತೆ ಉಬ್ಬುತ್ತದೆ.

ಜೊತೆಗೆ, ಕೇಸ್ ಮುಗಿದ ಕೂಡಲೇ ಸೆಟ್ ತೊಳೆಯುವ ಕೋಣೆಗೆ ಹೋಗಬೇಕು. ರಕ್ತ ಒಣಗಿದರೆ ತೊಳೆಯಲು ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಒದ್ದೆ ಟವೆಲ್ ಮುಚ್ಚಿ ಕಳಿಸಿ, ಆದರೆ ಸಲೈನ್‌ನಲ್ಲಿ ನೆನೆಸಬೇಡಿ, ಉಪ್ಪು ಸ್ಟೀಲನ್ನು ತಿನ್ನುತ್ತದೆ. ಕೊನೆಯ ತೊಳೆತ ಆರ್‌ಒ ನೀರಿನಲ್ಲಿ.

ಯಾರೂ ಕೇಳದ ಇನ್ನೊಂದು ವಿಷಯ ಉಂಟು. ಕಪಾಟಿನಲ್ಲಿ ಬಿಚ್ಚದೆ ಉಳಿದ ಪ್ಯಾಕ್‌ಗಳನ್ನು "ಡೇಟ್ ಆಯಿತು" ಎಂದು ವಾರಕ್ಕೊಮ್ಮೆ ಮತ್ತೆ ಆಟೋಕ್ಲೇವಿಗೆ ಹಾಕುತ್ತಾರಲ್ಲ, ಅದೂ ಮೆಷಿನ್ನಿನ ಹೊತ್ತು ತಿನ್ನುತ್ತದೆ. ಪ್ಯಾಕ್ ಕೆಡುವುದು ತಾರೀಖಿನಿಂದಲ್ಲ: ಹರಿದರೆ, ಒದ್ದೆಯಾದರೆ, ನೆಲಕ್ಕೆ ಬಿದ್ದರೆ, ಸೀಲ್ ಬಿಚ್ಚಿಕೊಂಡರೆ ಕೆಡುತ್ತದೆ. ಎರಡು ಪದರ ಸುತ್ತಿ, ಬಾಗಿಲಿರುವ ಕಪಾಟಿನಲ್ಲಿ, ನೆಲದಿಂದ ಒಂದು ಗೇಣಿಗಿಂತ ಮೇಲೆ ಇಡಿ, ಹಳೆಯದು ಮುಂದಕ್ಕೆ. ಈ ಮಾತು ಪಕ್ಕದಲ್ಲಿ ಉಗಿ ಹೋಗುವ ತೂತುಗಳಿರುವ ಡ್ರಮ್ಮಿಗೆ ಅನ್ವಯಿಸುವುದಿಲ್ಲ. ಪ್ಯಾಕ್‌ಗಳನ್ನು ಕಟ್ಟುಕಟ್ಟಾಗಿ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯುವ ಅಭ್ಯಾಸ ಇವತ್ತೇ ಬಿಡಿ, ಬಟ್ಟೆ ಮಡಿಚಿ ಸೀಳುವುದು ಅಲ್ಲಿಂದಲೇ.