‘ನಾನೇ ನೋಡ್ಕೋತೀನಿ’ ಅನ್ನೋ ಮಾತು ಮತ್ತು ಮೂವತ್ತು ಕೆಜಿ ನಾಯಿ

ಮೇ ತಿಂಗಳು ಮೈಸೂರಿನ ನಮ್ಮ ಪ್ರಾಣಿ ಕ್ಲಿನಿಕ್ಕಿಗೆ ಒಂಥರಾ ಸೀಸನ್ನು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದು ವಾರ ಆಗಿರಲ್ಲ, ಬಿಸ್ಕೆಟ್ ರಟ್ಟಿನ ಡಬ್ಬದಲ್ಲಿ ಟವೆಲ್ ಹಾಸಿ ಲ್ಯಾಬ್ರಡಾರ್ ಮರಿ ಕೂರಿಸ್ಕೊಂಡು ಒಂದು ಸಂಸಾರ ಬಂದೇ ಬರುತ್ತೆ. ಮಗನ ಮುಖದಲ್ಲಿ ಯುದ್ಧ ಗೆದ್ದ ಕಳೆ, ಅಪ್ಪನ ಮುಖದಲ್ಲಿ ಸೋತ್ರೂ ಪರವಾಗಿಲ್ಲ ಅನ್ನೋ ನಗು, ಅಮ್ಮ ಮಾತ್ರ ಬ್ಯಾಗ್ ಅವುಚ್ಕೊಂಡು ಬಾಗಿಲ ಹತ್ರಾನೇ ನಿಂತಿರ್ತಾರೆ. "ತೊಂಬತ್ತರ ಮೇಲೆ ತೆಗೆದ್ರೆ ಕೊಡಿಸ್ತೀನಿ ಅಂತ ಬಾಯಿತಪ್ಪಿ ಅಂದ್ಬಿಟ್ಟಿದ್ದೆ ಡಾಕ್ಟ್ರೇ, ತೊಂಬತ್ತೆರಡು ತೆಗೆದ್ಬಿಟ್ಟ" ಅಂತಾರೆ ಅಪ್ಪ. ನಾನು ಮರಿ ತೂಕ ನೋಡ್ತೀನಿ, ಹೊಟ್ಟೆ ಮುಟ್ಟಿ ನೋಡ್ತೀನಿ, ಆಮೇಲೆ ಬಾಗಿಲ ಹತ್ರ ನಿಂತಿರೋ ಅಮ್ಮನ್ನ ನೋಡ್ತೀನಿ. ಈ ನಾಯಿಗೆ ಯಜಮಾನಿ ಅವರೇ, ಅದು ಆ ಕ್ಷಣಕ್ಕೆ ಗೊತ್ತಿರೋದು ಅವರಿಗೆ ಮತ್ತೆ ನಂಗೆ, ಇಬ್ರಿಗೇ.

ಇನ್ನೊಂದು ಥರದ ಮಕ್ಕಳೂ ಬರ್ತಾರೆ, ಒಬ್ಬೊಬ್ರೇ. ಸೈಕಲ್ ಹೊರಗೆ ಒರಗಿಸಿ, ಸ್ಕೂಲ್ ಬ್ಯಾಗ್ ಬೆನ್ನಲ್ಲೇ ಇರುತ್ತೆ. "ಅಂಕಲ್, ನೀವೊಂದ್ ಮಾತು ನಮ್ಮಪ್ಪಂಗೆ ಹೇಳಿ ಅಂಕಲ್, ಡಾಕ್ಟ್ರು ಹೇಳಿದ್ರೆ ಕೇಳ್ತಾರೆ." ಯಾವ ನಾಯಿ ಬೇಕಪ್ಪ ಅಂದ್ರೆ ಜರ್ಮನ್ ಶೆಫರ್ಡ್, ರಾಟ್‌ವೀಲರ್, ಗ್ರೇಟ್ ಡೇನ್. ದಸರಾದಲ್ಲಿ ಸಾಕುಪ್ರಾಣಿಗಳ ಪ್ರದರ್ಶನ ಆದ್ಮೇಲೆ ಎರಡು ವಾರ ಎಲ್ರಿಗೂ ಸೇಂಟ್ ಬರ್ನಾರ್ಡೇ ಬೇಕು. ಸಣ್ಣ ನಾಯಿ ಕೇಳ್ಕೊಂಡು ಬರೋ ಮಗು ನಾನು ನೋಡಿಲ್ಲ, ಕರು ಗಾತ್ರದ್ದೇ ಆಗ್ಬೇಕು.

ನಂಗೆ ದೊಡ್ಡ ನಾಯಿ ಬಗ್ಗೆ ತಕರಾರಿಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ನನ್ನ ಬಲಗೈ ಮೇಲಿರೋ ಮೂರು ಗಾಯದ ಗುರುತಲ್ಲಿ ಎರಡು ಪಾಮೇರಿಯನ್‌ದು, ಒಂದು ಬೆಕ್ಕಿಂದು. ಎಲ್ಲಾ ದೊಡ್ಡ ನಾಯೀನೂ ಸಾಧು ಅಂತ ಬರ್ಕೊಡೋಕಾಗಲ್ಲ, ಸಾಕೋ ರೀತಿ ಇರುತ್ತೆ, ಆ ನಾಯಿ ಸ್ವಭಾವ ಇರುತ್ತೆ, ಆದ್ರೆ "ದೊಡ್ಡದು ಅಂದ್ರೆ ಕಚ್ಚುತ್ತೆ" ಅನ್ನೋ ಅಪ್ಪ ಅಮ್ಮಂದಿರ ಭಯಕ್ಕೆ ಅಷ್ಟು ಬುಡ ಇಲ್ಲ. ಕೆಲವ್ರು ಮೊಬೈಲಲ್ಲಿ ಹಳೇ ಸುದ್ದಿ ತೋರಿಸ್ತಾರೆ, ಸರ್ಕಾರ ಬ್ಯಾನ್ ಮಾಡಿದ್ಯಂತಲ್ಲ ಅಂತ. 2024ರ ಮಾರ್ಚಲ್ಲಿ ಕೇಂದ್ರದಿಂದ 23 ತಳಿ ಹೆಸರಿದ್ದ ಸುತ್ತೋಲೆ ಬಂದಿದ್ದು ನಿಜ, ಅದರಲ್ಲಿ ರಾಟ್‌ವೀಲರ್ ಇತ್ತು, ಲ್ಯಾಬು ಅಂದ್ರೆ ಲ್ಯಾಬ್ರಡಾರು, ಜರ್ಮನ್ ಶೆಫರ್ಡು ಇರ್ಲಿಲ್ಲ, ಏಪ್ರಿಲ್ಲಲ್ಲೇ ನಮ್ಮ ಹೈಕೋರ್ಟು ಆ ಸುತ್ತೋಲೆ ರದ್ದು ಮಾಡ್ತು. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನೋರು ನಾಯಿ ಸಾಕಂಗಿಲ್ಲ ಅಂತಾರೆ ಅಂದ್ರೆ, ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಹಂಗೆ ಸಾರಾಸಗಟಾಗಿ ಬೇಡ ಅನ್ನೋ ಅಧಿಕಾರ ಅವರಿಗಿಲ್ಲ, ಗಾತ್ರ ನೋಡಿಯೂ ಬೇಡ ಅನ್ನಂಗಿಲ್ಲ. ಇವೆಲ್ಲಾ ಬಗೆಹರಿಯೋ ವಿಷಯ. ನನ್ನ ತಲೆ ಕೆಡ್ಸೋದು ಬೇರೆ.

ಮಕ್ಕಳು ಅಪ್ಪ ಅಮ್ಮನ್ನ ಒಪ್ಸೋಕೆ ಹಿಡ್ಕೊಳ್ಳೋ ಆ ಒಂದೇ ಮಾತು. "ನಾನೇ ನೋಡ್ಕೋತೀನಿ." ಅದನ್ನ ನಂಬೋ ಅಪ್ಪ ಅಮ್ಮ.

ಮಗು ಸುಳ್ಳು ಹೇಳ್ತಿದೆ ಅಂತ ನಾನು ಹೇಳ್ತಿಲ್ಲ. ಹೇಳೋವಾಗ ಪೂರಾ ನಿಜಾನೇ. ಲೆಕ್ಕ ಮಾತ್ರ ಕೂಡಿಬರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಂಗೆ 15-16 ವರ್ಷ. ಮೇ ತಿಂಗಳಲ್ಲಿ ಬಂದ ಎರಡು ತಿಂಗಳ ಲ್ಯಾಬ್ ಮರಿ 5-6 ಕೆಜಿ, ತೊಡೆ ಮೇಲೆ ಮಲಗುತ್ತೆ, ಸ್ಟೇಟಸ್ಸಲ್ಲಿ ಫೋಟೋ. ಅದೇ ಮರಿ ನವೆಂಬರ್ ಹೊತ್ತಿಗೆ ಎಂಟು ತಿಂಗಳು, ಹತ್ರ ಹತ್ರ 25 ಕೆಜಿ, ಹುಚ್ಚು ಹದಿಹರೆಯ, ಹೇಳಿದ ಮಾತು ಕೇಳಲ್ಲ, ಚಪ್ಪಲಿ ಉಳಿಸಲ್ಲ, ಬೆಳಿಗ್ಗೆ ಮುಕ್ಕಾಲು ಗಂಟೆ ಸಂಜೆ ಮುಕ್ಕಾಲು ಗಂಟೆ ಸುಸ್ತು ಮಾಡಿಸ್ಲಿಲ್ಲ ಅಂದ್ರೆ ಸೋಫಾ ಬಿಚ್ಚಾಕುತ್ತೆ. ಆಗ ಹುಡುಗ ಎಲ್ಲಿ? ಫಸ್ಟ್ ಪಿಯುಸಿ, ಬೆಳಿಗ್ಗೆ ಆರಕ್ಕೇ ಟ್ಯೂಷನ್. ಮುಂದಿನ ವರ್ಷ ಸಿಇಟಿ, ನೀಟು. ಅದರ ಮುಂದಿನ ವರ್ಷ ಬೆಂಗಳೂರಲ್ಲೋ ಸುರತ್ಕಲ್ಲಲ್ಲೋ ಹಾಸ್ಟೆಲ್ಲು. ನಾಯಿಗೆ ಆಗ ಎರಡು ವರ್ಷ ಚಿಲ್ರೆ, ಚೆನ್ನಾಗಿ ನೋಡ್ಕೊಂಡ್ರೆ ಇನ್ನೂ ಒಂಬತ್ತು ಹತ್ತು ವರ್ಷ ಬದುಕುತ್ತೆ. ಅಂದ್ರೆ ನಾಯಿ ಆಯಸ್ಸಿನ ಹನ್ನೆರಡು ವರ್ಷದಲ್ಲಿ "ನಾನೇ ನೋಡ್ಕೋತೀನಿ" ಅಂದೋನು ಮನೇಲಿರೋದು ಎರಡು ವರ್ಷ, ಅದರಲ್ಲೂ ಒಂದು ವರ್ಷ ರೂಮ್ ಬಾಗಿಲು ಹಾಕ್ಕೊಂಡು ಫಿಸಿಕ್ಸ್ ಓದ್ತಿರ್ತಾನೆ.

ಇದನ್ನ ಹೇಳಿದ್ರೆ ಬುದ್ಧಿವಂತ ಅಪ್ಪಂದಿರು ಏನಂತಾರೆ ಗೊತ್ತಾ, "ಹಾಗಿದ್ರೆ ಚಿಕ್ಕೋರಿದ್ದಾಗ್ಲೇ ಕೊಡಿಸ್ಬೇಕಿತ್ತು ಬಿಡಿ." ಸರಿ, ಎಂಟು ವರ್ಷದ ಮಗುಗೆ ಕೊಡ್ಸಿ. ಮಗು ತೂಕ 24 ಕೆಜಿ, ನಾಯಿ ತೂಕ 30. ರಸ್ತೇಲಿ ಬೆಕ್ಕು ಕಂಡ್ರೆ ಯಾರು ಯಾರನ್ನ ಎಳ್ಕೊಂಡು ಹೋಗ್ತಾರೆ? ನಾಯಿ ಹಿಡಿಯೋ ವಯಸ್ಸಿಗೆ ಮಗು ಮನೇಲಿರಲ್ಲ, ಮನೇಲಿರೋ ವಯಸ್ಸಲ್ಲಿ ಹಿಡಿಯೋಕಾಗಲ್ಲ. ಇದನ್ನ ನಾನು ವರ್ಷಕ್ಕೆ ನಲವತ್ತು ಸಲ ಹೇಳ್ತೀನಿ, ಎಲ್ರೂ ತಲೆ ಆಡಿಸ್ತಾರೆ, ಆಡಿಸಿ "ನಮ್ಮೋನು ಹಂಗಲ್ಲ ಬಿಡಿ" ಅಂತಾರೆ. ಮಂಡ್ಯ ಕಡೆ ಹಳ್ಳೀಲಿ ನಾನು ದನದ ಡಾಕ್ಟ್ರಾಗಿದ್ದಾಗಿನಿಂದ ಪರಿಚಯದ ಒಬ್ರು ರೈತ್ರು ಮಗಳಿಗೆ ಅಂತ ಮುಧೋಳ ಮರಿ ತಂದ್ರು. "ಬುಡಿ ಸಾ, ಐಕ್ಳು ಆಸೆ ಪಡ್ತವೆ, ನಮ್ ಕರ್ನಾಟಕದ್ದೇ ನಾಯಿ, ಸ್ಟಾಂಪಲ್ಲೂ ಬಂದದೆ" ಅಂದ್ರು. ಹೌದು, 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿ ಮೇಲೆ ಅಂಚೆಚೀಟಿ ತಂದಿತ್ತು. ತೂಕದಲ್ಲಿ ಅಷ್ಟೇನಿಲ್ಲ, ಆದ್ರೆ ಅದು ಕಣ್ಣಿಗೆ ಬಿದ್ದಿದ್ದನ್ನ ಅಟ್ಟಿಸ್ಕೊಂಡು ಹೋಗೋಕೇ ಹುಟ್ಟಿದ ನಾಯಿ, ಊರ ತುಂಬಾ ಕೋಳಿ, ಮೇಕೆ. ಮಗಳು ಆರನೇ ಕ್ಲಾಸು. ಮೂರು ಕೋಳಿ ದುಡ್ಡು ಕಟ್ಟಿದ್ಮೇಲೆ ಈಗ ಅವ್ರೇ ದಿನಾ ಬೆಳಿಗ್ಗೆ ನಾಲೆ ಏರಿ ಮೇಲೆ ಅದನ್ನ ಓಡ್ಸೋಕೆ ಬೈಕಲ್ಲಿ ಹೋಗ್ತಾರೆ. ಖುಷಿಯಾಗೇ ಇದ್ದಾರೆ ಪಾಪ, ಅದು ಬೇರೆ ಮಾತು.

ಎಲ್ರ ಕಥೆ ಹಂಗಾಗಲ್ಲ. ಕುವೆಂಪುನಗರದಲ್ಲಿ ಒಂದು ಮನೆ ಇದೆ, ಜರ್ಮನ್ ಶೆಫರ್ಡ್, ಹೆಸರು ಸೀಸರ್, ಹನ್ನೊಂದು ವರ್ಷ, ಸೊಂಟದ ಕೀಲು ಸವೆದು ಹಿಂಗಾಲು ಏಳಲ್ಲ. ದೊಡ್ಡ ತಳಿಗಳಿಗೆ ಈ ತೊಂದ್ರೆ ಜಾಸ್ತಿ, ಅದರ ಜೊತೆಗೆ ನಮ್ಮ ಮನೆಗಳ ಕನ್ನಡಿ ಥರದ ಟೈಲ್ಸು, ಮರಿ ಇದ್ದಾಗ ದಪ್ಪ ಆಗ್ಲಿ ಅಂತ ಹಾಕಿದ ಊಟ. ಆ ಮನೆಗೆ ಹೋದಾಗ ಅಮ್ಮ ಒಂದು ಹಳೇ ಕಾಟನ್ ಸೀರೇನ ನಾಲ್ಕು ಮಡಿಕೆ ಮಾಡಿ ನಾಯಿ ಹೊಟ್ಟೆ ಕೆಳಗೆ ಹಾಯ್ಸಿ, ಎರಡೂ ತುದಿ ಕೈಗೆ ಸುತ್ಕೊಂಡು, ಹಿಂಭಾಗ ಎತ್ತಿ ಹಿಡ್ಕೊಂಡು ಹಿತ್ತಲಿಗೆ ನಡೆಸ್ತಿದ್ರು. ಹಾಲಿಂದ ಹಿಂಬಾಗಿಲ ತನಕ ಸಾಲಾಗಿ ಡೋರ್‌ಮ್ಯಾಟು, ಕಾಲು ಜಾರ್ಬಾರ್ದು ಅಂತ. ಐದು ಹೆಜ್ಜೆಗೊಂದ್ಸಲ ನಿಲ್ತಾರೆ, ಇಬ್ರೂ ಉಸಿರು ಬಿಡ್ತಾರೆ, ಮತ್ತೆ ಐದು ಹೆಜ್ಜೆ. ದಿನಕ್ಕೆ ನಾಲ್ಕು ಸಲ. ಯಜಮಾನ್ರಿಗೆ ಬೈಪಾಸ್ ಆಗಿದೆ, ಭಾರ ಎತ್ತಂಗಿಲ್ಲ. ಮಗ ಹೈದರಾಬಾದಲ್ಲಿ. ನಾನು ಮಗನಿಗೊಂದು ಫೋನ್ ಮಾಡ್ಲಾ ಅಂದೆ. "ಬೇಡ ಡಾಕ್ಟ್ರೇ, ಈ ವಾರ ಅವನಿಗೆ ಇಂಟರ್ವ್ಯೂ ಇದೆ" ಅಂದ್ರು. ಆ ಮಗ ಹತ್ತನೇ ಕ್ಲಾಸಲ್ಲಿ ನನ್ನ ಟೇಬಲ್ ಮುಂದೆ ನಿಂತು ಏನಂದಿದ್ದ ಅಂತ ನಾನು ಮತ್ತೆ ಬರೀಬೇಕಿಲ್ಲ.

ಹಾಗಂತ ಬೇಡ ಅನ್ನೋನಲ್ಲ ನಾನು. ನನ್ನ ಮನೇಲೇ 34 ಕೆಜಿ ಗುಂಡ ಇದ್ದಾನೆ, ಲ್ಯಾಬು, ಕೆನಡಾಕ್ಕೆ ಹೊರಟ ಒಂದು ಸಾಫ್ಟ್‌ವೇರ್ ಜೋಡಿ ಬಿಟ್ಟು ಹೋಗಿದ್ದು. ಅಪ್ಪನ ಜೊತೆ ಮಾತಾಡಿ ಅಂತ ಮಕ್ಕಳು ಬಂದ್ರೆ ನಾನು ಅಪ್ಪನ್ನ ಕರೆಸ್ತೀನಿ, ಕರೆಸಿ ಏನೂ ಮಾತಾಡಲ್ಲ, ಗುಂಡನ ಹಗ್ಗ ಕೈಗೆ ಕೊಟ್ಟು ಒಂದ್ ರೌಂಡ್ ಹೋಗ್ಬನ್ನಿ ಸರ್ ಅಂತೀನಿ. ಗುಂಡ ಸಾಧು ಪ್ರಾಣಿ, ಆದ್ರೆ ಮೂಲೆ ಬೇಕರಿ ಹತ್ರ ಯಾರೋ ಬನ್ ತಿಂತಿರ್ತಾರೆ. ಒಬ್ರು ಫಾರ್ಮಲ್ ಶೂಸಲ್ಲಿ ಚರಂಡಿ ಕಲ್ಲಿನ ತನಕ ಜಾರ್ಕೊಂಡು ಹೋಗಿ ವಾಪಸ್ ಬಂದು, ಪ್ಯಾಂಟು ಒರೆಸ್ಕೊಂಡು, "ಇವನು ತಿಂಗಳಿಗೆ ಎಷ್ಟು ತಿಂತಾನೆ ಸರ್?" ಅಂದ್ರು. ಅದು ಒಳ್ಳೇ ಲಕ್ಷಣ, ಕೇಳೋಕೆ ಶುರು ಮಾಡಿದ್ರು ಅಂದ್ರೆ ಅರ್ಧ ಒಪ್ಪಿದ್ರು ಅಂತ. ಒಣ ಫುಡ್ಡೇ ಆದ್ರೆ 30 ಕೆಜಿ ನಾಯಿಗೆ ತಿಂಗಳಿಗೆ ಹೆಚ್ಚೂಕಮ್ಮಿ 10-12 ಕೆಜಿ. ಊಟಕ್ಕಿಂತ ಜನ ಮರೆಯೋದು ಔಷಧಿ. ನಮ್ಮಲ್ಲಿ ಎಲ್ಲಾ ತೂಕದ ಲೆಕ್ಕ. ಜಂತುಹುಳದ ಮಾತ್ರೆ ಸಾಮಾನ್ಯವಾಗಿ ಹತ್ತು ಕೆಜಿಗೆ ಒಂದು, ಪಾಮೇರಿಯನ್‌ಗೆ ಅರ್ಧ ಹಾಕೋ ಕಡೆ ಲ್ಯಾಬಿಗೆ ಮೂರು. ಉಣ್ಣಿ ಔಷಧಿ, ಅರಿವಳಿಕೆ, ಡ್ರಿಪ್ಪು, ಎಲ್ಲಾ ಹಂಗೇ. ರಾಗಿ ಮುದ್ದೆ ಹಾಕ್ಬೋದಾ ಅಂತ ಮಂಡ್ಯದೋರು ಕೇಳೇ ಕೇಳ್ತಾರೆ, ಧಾರಾಳವಾಗಿ, ಜೊತೆಗೆ ಮೊಟ್ಟೆನೋ ಕೋಳಿನೋ ಇರ್ಲಿ, ಈರುಳ್ಳಿ ಹಾಕಿದ ಸಾರು ಬೇಡ, ಬಾಡೂಟದ ಬೆಂದ ಮೂಳೆ ಖಂಡಿತಾ ಬೇಡ. ಪ್ಯಾಕೆಟ್ ಫುಡ್ ತಿನ್ನೋ ದೊಡ್ಡ ತಳಿ ಮರಿಗೆ ಮೇಲಿಂದ ಕ್ಯಾಲ್ಸಿಯಂ ಟಾನಿಕ್ ಹುಯ್ಯೋದು ಬೇಡವೇ ಬೇಡ, ಮೂಳೆ ಗಟ್ಟಿಯಾಗೋದಿರ್ಲಿ, ಬೆಳವಣಿಗೇನೇ ಹಾದಿ ತಪ್ಪುತ್ತೆ. ನಿಮ್ಮ ಮರಿ ವಿಷಯ ನಿಮ್ಮ ಡಾಕ್ಟ್ರನ್ನೇ ಕೇಳಿ, ನಾನು ನೋಡದೆ ಇರೋ ನಾಯಿಗೆ ಚೀಟಿ ಬರೆಯಲ್ಲ.

ಈಗ ಮಕ್ಕಳಿಗೆ. ಅಪ್ಪ ಅಮ್ಮನ್ನ ಒಪ್ಸೋಕೆ ನಿಜವಾಗ್ಲೂ ಕೆಲಸ ಮಾಡಿದ್ದು ನಾನು ಕಂಡಿರೋದು ಒಂದು.

ವಿಜಯನಗರದಿಂದ ಒಂಬತ್ತನೇ ಕ್ಲಾಸ್ ಹುಡುಗಿ ಬಂದ್ಲು, ಬಹಳ ಚುರುಕು. ಕೈಲೊಂದು ಚಾರ್ಟು. ಬೆಳಿಗ್ಗೆ ವಾಕು, ಊಟ, ಸ್ನಾನ, ಕಕ್ಕ ಎತ್ತೋದು, ವ್ಯಾಕ್ಸಿನ್, ಊರಿಗೆ ಹೋದಾಗ ಯಾರು, ಎಲ್ಲಾ ಸಾಲು ಹಾಕಿದಾಳೆ, ಎಲ್ಲದರ ಮುಂದೂ ಅವಳದೇ ಹೆಸರು. ನಾನು ಪೆನ್ ಕೊಟ್ಟು, ಪಕ್ಕದಲ್ಲಿ ಇನ್ನೊಂದು ಗೆರೆ ಎಳಿ, ನಾಲ್ಕು ವರ್ಷ ಆದ್ಮೇಲೆ ಜುಲೈ ತಿಂಗಳು ಅಂದ್ಕೊಂಡು ಬರಿ ಅಂದೆ. ಕೂತ್ಲು. ಪೆನ್ನಿನ ತುದಿ ಕಚ್ತಾ ಕಚ್ತಾ ಬರೆದ್ಲು. ಅಮ್ಮ. ಅಮ್ಮ. ಅಪ್ಪ, ಆಮೇಲೆ ಅದನ್ನ ಹೊಡೆದು ಅಮ್ಮ. ಆರೂ ಕಡೆ ಅಮ್ಮ ಆಯ್ತು. ಚಾರ್ಟು ಮಡಿಚಿ ಬ್ಯಾಗಿಗೆ ಹಾಕ್ಕೊಂಡು ಥ್ಯಾಂಕ್ಸ್ ಕೂಡ ಹೇಳ್ದೆ ಹೋದ್ಲು, ನಂಗೆ ಸ್ವಲ್ಪ ಬೇಜಾರಾಯ್ತು, ಜಾಸ್ತಿ ಆಯ್ತೇನೋ ಅಂತ.

ಆರು ತಿಂಗಳಾದ್ಮೇಲೆ ಇಡೀ ಮನೆ ಬಂತು. ಹುಡುಗಿ ಆ ಚಾರ್ಟನ್ನ ಹಂಗೇ ಅಮ್ಮನ ಮುಂದೆ ಇಟ್ಟಿದ್ಲಂತೆ, "ಅಮ್ಮ, ಇದು ನಿನ್ ಮೇಲೇ ಬೀಳುತ್ತೆ, ನಿಂಗಾಗುತ್ತಾ?" ಅಂತ. ಅಮ್ಮ ಇದುವರೆಗೂ ಯಾರೂ ತನ್ನ ಕೇಳೇ ಇರ್ಲಿಲ್ಲ ಅಂದ್ರು ನನ್ನ ಹತ್ರ. ಆಮೇಲೆ ಎದುರು ಮನೆಯವರ ಲ್ಯಾಬನ್ನ ತಾಯಿ ಮಗಳು ಸೇರಿ ಒಂದು ತಿಂಗಳು ಬೆಳಿಗ್ಗೆ ಐದೂವರೆಗೆ ವಾಕ್ ಮಾಡ್ಸಿದಾರೆ, ಮಳೆ ಬಂದ ದಿನಾನೂ. ಈಗ ತಂದಿದ್ದ ಚಾರ್ಟು ಹೊಸದು, ಅಕ್ಷರ ಅಮ್ಮಂದು.

ಆ ಮನೇಲಿ ಬೇಡ ಅಂತ ಹಟ ಹಿಡ್ದಿದ್ದು ಅಜ್ಜಿ ಒಬ್ರೇ, ಮಡಿ ಅಂತ ಹೇಳ್ತಾರೆ ಅಂದ್ಕೊಂಡು ಎಲ್ರೂ ನಗ್ತಿದ್ರು. ನಾನು ಕೇಳಿದೆ, ಯಾಕಮ್ಮ ಬೇಡ ಅಂತ. "ಮಡಿ ಹಾಳಾಗೋಗ್ಲಿ ಕಣಪ್ಪ, ಅದು ಹಾರಿ ನನ್ನ ಬೀಳಿಸಿದ್ರೆ ಸೊಂಟ ಮುರ್ಕೊಂಡು ಹಾಸಿಗೆ ಹಿಡಿಯೋದು ನಾನಲ್ವಾ?" ಆ ರೂಮಲ್ಲಿ ಅದುವರೆಗೂ ಯಾರೂ ಆಡದೆ ಇದ್ದ ಸರಿಯಾದ ಮಾತು ಅದೇ. ಪ್ರೀತಿಗೇ ಹಾರಿದ್ರೂ 30 ಕೆಜಿ 30 ಕೆಜಿನೇ. ನಾನು ಹೇಳಿದೆ, ಮರಿ ಹಟ ಬಿಡಿ, ಹಾರೋ ವಯಸ್ಸು ದಾಟಿದ ನಾಯಿ ತಗೊಳ್ಳಿ, ಊರು ಬಿಟ್ಟು ಹೋಗೋರು ಕೊಡ್ತಾರೆ, ನನ್ನ ಹತ್ರಾನೇ ತಿಂಗಳಿಗೊಬ್ರು ಕಣ್ಣೀರ್ ಹಾಕ್ಕೊಂಡು ಬರ್ತಾರೆ. ನಾಲ್ಕು ವರ್ಷದ ಹೆಣ್ಣು ಲ್ಯಾಬ್ ಸಿಕ್ತು, ಮರಿ ಆಗದಂಗೆ ಆಪರೇಷನ್ನೂ ಆಗಿತ್ತು. ಅಜ್ಜಿ ರೂಮಿಗೆ ಮೊಣಕಾಲೆತ್ತರದ ಒಂದು ಮರದ ಗೇಟು ಹಾಕ್ಸಿದ್ರು, ಅದು ಅಜ್ಜಿ ಷರತ್ತು.

ಮರೀನೇ ಬೇಕು ಅನ್ನೋರು ಎಂಟು ವಾರ ತುಂಬದೆ ಇರೋದನ್ನ ತರ್ಬೇಡಿ, ಮಾರೋದೇ ಕಾನೂನಿಗೆ ವಿರುದ್ಧ, 2017ರ ನಾಯಿ ತಳಿ ಸಾಕಣೆ, ಮಾರಾಟದ ನಿಯಮದಲ್ಲೇ ಇದೆ, ಮೂವತ್ತೈದು ದಿನದ ಮರೀನ "ಎರಡು ತಿಂಗಳು ಸರ್" ಅಂತ ಕೊಡೋರು ಇದ್ದಾರೆ, ಹಲ್ಲು ನೋಡಿದ್ರೆ ನಮಗೆ ಗೊತ್ತಾಗುತ್ತೆ. ತರೋಕೆ ಮುಂಚೆ ಬನ್ನಿ, ತಂದ್ಮೇಲಲ್ಲ. ಬರೋವಾಗ ಬಾಗಿಲ ಹತ್ರ ನಿಲ್ಲೋರನ್ನ ಒಳಗೆ ಕರ್ಕೊಂಡು ಬನ್ನಿ, ಅಜ್ಜೀನೂ ಕರ್ಕೊಂಡು ಬನ್ನಿ. ಮೆಟ್ಲು ಹತ್ತೋಕಾಗಲ್ಲ ಅಂದ್ರೆ ಹಾರನ್ ಮಾಡಿ, ನಾನೇ ಕೆಳಗೆ ಬರ್ತೀನಿ.