ಹಸಿ ಕಸ ಎಲ್ಲಿ ಕೊಳೆತರೇನು?

ಪ್ರಶ್ನೆ: ಹಸಿ ಕಸ ಹೇಗಿದ್ದರೂ ಕೊಳೆತು ಮಣ್ಣಾಗೋದೇ ಅಲ್ವಾ? ಅದು ಡಂಪಿಂಗ್ ಗ್ರೌಂಡಿನಲ್ಲಿ ಕೊಳೆತರೇನು, ನಮ್ಮ ಬಾಲ್ಕನಿಯ ಡ್ರಮ್ಮಿನಲ್ಲಿ ಕೊಳೆತರೇನು? ಗೊಬ್ಬರ ಮಾಡಿ ಅಂತ ಹೌಸಿಂಗ್ ಸೊಸೈಟಿಯವರು ಸುಮ್ನೆ ತಲೆ ತಿನ್ನುತ್ತಾರೆ.
– ಮುಂಬೈಯ ಮುಲುಂಡ್‌ನಿಂದ ಓದುಗರೊಬ್ಬರು, ಊರು ಕುಂದಾಪುರದ ಕಡೆ

ಉತ್ತರ: ಮುಲುಂಡ್‌ನವರೇ ಇದನ್ನು ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಕಡೆಯ ಡಂಪಿಂಗ್ ಗ್ರೌಂಡ್ ಇತ್ತಲ್ಲ, ಸುಮಾರು 24 ಹೆಕ್ಟೇರಿನದು, ಅದನ್ನು 2018ರಲ್ಲಿ ಮುಚ್ಚಿದರು. ಮುಚ್ಚುವ ಹೊತ್ತಿಗೆ ಅಲ್ಲಿ ಸುಮಾರು 70 ಲಕ್ಷ ಟನ್ ಕಸ ಕೂತಿತ್ತು. ಅದನ್ನು ಅಗೆದು, ಜರಡಿ ಹಿಡಿದು, ಬೇರೆ ಬೇರೆ ಮಾಡಲು ಕೋಟಿಗಟ್ಟಲೆ ಗುತ್ತಿಗೆ ಕೊಡಬೇಕಾಯಿತು. ತಾನಾಗಿಯೇ ಮಣ್ಣಾಗುವ ಹಾಗಿದ್ದರೆ ಅಷ್ಟೆತ್ತರದ ಗುಡ್ಡ ಯಾಕೆ ಉಳಿಯಬೇಕಿತ್ತು?

ವಿಷಯ ಇಷ್ಟೇ: ಕೊಳೆಯುವುದರಲ್ಲಿ ಎರಡು ಬಗೆ ಇದೆ. ಗಾಳಿ ಸಿಕ್ಕರೆ ಒಂದು ಜಾತಿಯ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ, ಗಾಳಿ ಸಿಗದಿದ್ದರೆ ಇನ್ನೊಂದು ಜಾತಿಯವು.

ಗಾಳಿ ಆಡುವ ಡ್ರಮ್ಮಿನಲ್ಲಿ ತರಕಾರಿ ಸಿಪ್ಪೆ ಕೊಳೆತರೆ ಕಾರ್ಬನ್ ಡೈಆಕ್ಸೈಡ್, ನೀರಿನ ಆವಿ ಮತ್ತು ಶಾಖ ಹೊರಗೆ ಬರುತ್ತವೆ. ಉಳಿದದ್ದು ಗೊಬ್ಬರ. ಆ ಕಾರ್ಬನ್ ಡೈಆಕ್ಸೈಡ್‌ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆ ಬದನೆ, ಆ ಬಸಳೆ ಬೆಳೆಯುವಾಗ ಗಾಳಿಯಿಂದಲೇ ಎಳೆದುಕೊಂಡದ್ದು ವಾಪಸ್ ಹೋಯಿತು, ಅಷ್ಟೇ.

ಡಂಪಿಂಗ್ ಗ್ರೌಂಡಿನ ಕತೆ ಬೇರೆ. ಅಲ್ಲಿ ಕಸದ ಮೇಲೆ ಕಸ ಬಿದ್ದು, ಬುಲ್ಡೋಜರ್ ಓಡಾಡಿ, ಒಳಗಿನ ಗಾಳಿಯೆಲ್ಲ ಹಿಂಡಿ ಹೋಗಿರುತ್ತದೆ. ಆಗ ಹುಟ್ಟುವುದು ಮೀಥೇನ್. ನೂರು ವರ್ಷದ ಲೆಕ್ಕ ಹಿಡಿದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜೋರು. ಇಪ್ಪತ್ತೇ ವರ್ಷದ ಲೆಕ್ಕ ಹಿಡಿದರೆ ಸುಮಾರು 80 ಪಟ್ಟು. ಮುಂಬೈಯ ಇನ್ನೊಂದು ಡಂಪಿಂಗ್ ಗ್ರೌಂಡ್ ಕಾಂಜೂರ್‌ಮಾರ್ಗ್‌ನಲ್ಲಿ ಪೈಪ್ ಹಾಕಿ ಈ ಗ್ಯಾಸ್ ಹಿಡಿಯುವ ವ್ಯವಸ್ಥೆ ಇದೆ, ನಿಜ. ಆದರೆ ಅಂಥ ಗುಡ್ಡದಲ್ಲಿ ಹುಟ್ಟುವ ಗ್ಯಾಸೆಲ್ಲ ಪೈಪಿಗೆ ಸಿಗುವುದಿಲ್ಲ.

ಮೀಥೇನ್ ಹೊತ್ತಿಕೊಳ್ಳುವ ಗ್ಯಾಸ್ ಕೂಡ ಹೌದು. 1927ರಿಂದ ಕಸ ಸುರಿಯುತ್ತಿರುವ ದೇವನಾರ್‌ನಲ್ಲಿ 2016ರ ಜನವರಿಯಲ್ಲಿ ಬೆಂಕಿ ಬಿದ್ದಾಗ ಹೊಗೆ ಉಪಗ್ರಹದ ಚಿತ್ರದಲ್ಲೂ ಕಂಡಿತ್ತು. ಶಾಲೆಗಳಿಗೆ ರಜೆ ಕೊಡಬೇಕಾಯಿತು. ಇದರ ಜೊತೆಗೆ ಗುಡ್ಡದ ಬುಡದಿಂದ ಸೋರುವ ಕಪ್ಪು ನೀರು ಇದೆ. ದೇವನಾರ್ ಇರುವುದು ಠಾಣೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯಲ್ಲಿ. ಫ್ಲೆಮಿಂಗೊ ನೋಡಲು ನಾವೆಲ್ಲ ದೋಣಿ ಹತ್ತುತ್ತೇವಲ್ಲ, ಅದೇ ಖಾಡಿ. 2022ರಲ್ಲಿ ಅದಕ್ಕೆ ರಾಮ್ಸರ್ ತಾಣದ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮಾನ್ಯತೆಯೂ ಸಿಕ್ಕಿದೆ.

ಇನ್ನು ನಿಮ್ಮ ಡ್ರಮ್ಮಿಗೆ ಬರೋಣ. ನೀವು ಕುಂದಾಪುರದ ಕಡೆಯವರಾದ್ದರಿಂದ ನನ್ನ ಕೆಲಸ ಅರ್ಧ ಹಗುರ. ಊರಲ್ಲಿ ಹಟ್ಟಿಗೆ ದಿನಾ ಸೊಪ್ಪು, ತರಗೆಲೆ ಹಾಸುತ್ತಿದ್ದದ್ದು ನೆನಪಿದೆಯಾ? ದನಕ್ಕೆ ಮೆತ್ತಗಿರಲಿ ಅಂತ ಮಾತ್ರ ಅಲ್ಲ. ಸಗಣಿ, ಗಂಜಲದಲ್ಲಿ ಸಾರಜನಕ ಜಾಸ್ತಿ, ತರಗೆಲೆಯಲ್ಲಿ ಇಂಗಾಲ ಜಾಸ್ತಿ. ಎರಡೂ ಬೆರೆತರೇ ಗೊಬ್ಬರ ಹದಕ್ಕೆ ಬರುವುದು. ಸುಮಾರು 25–30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇರಬೇಕು ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಅಜ್ಜಿಯರು ಅದನ್ನು ಕೈ ಅಂದಾಜಿನಲ್ಲೇ ಮಾಡುತ್ತಿದ್ದರು. ಫ್ಲ್ಯಾಟ್‌ನಲ್ಲಿ ಸಗಣಿಯ ಜಾಗಕ್ಕೆ ಅಡುಗೆಮನೆಯ ಹಸಿ ಕಸ, ತರಗೆಲೆಯ ಜಾಗಕ್ಕೆ ಸೊಸೈಟಿಯ ಮಾಲಿ ಗುಡಿಸಿ ಗುಡ್ಡೆ ಹಾಕಿದ ಒಣಗಿದ ಎಲೆ. ಅದು ಸಿಗದಿದ್ದರೆ ತೆಂಗಿನ ನಾರಿನ ಪುಡಿ. ಅದೂ ಇಲ್ಲವೇ, ಹರಿದು ಹಾಕಿದ ಹಳೇ ಪೇಪರ್.

ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಅರ್ಧದಿಂದ ಒಂದು ಕಿಲೋ ಹಸಿ ಕಸ ಆಗಬಹುದು. ಕಾಫಿ ಚರಟ, ನುಗ್ಗೆಕಾಯಿ ಸಿಪ್ಪೆ, ಕರಿಬೇವಿನ ಕಡ್ಡಿ, ದೇವರ ಹೂವು ಎಲ್ಲ ಆಗುತ್ತದೆ. ಮಾಟುಂಗಾದಿಂದ ತಂದ ಬಾಳೆ ಎಲೆಯನ್ನು ಊಟ ಆದ ಮೇಲೆ ಸಣ್ಣಗೆ ಹರಿದು ಹಾಕಿ. ಇಡೀ ಎಲೆ ಹಾಗೇ ಹಾಕಿದರೆ ಮುಚ್ಚಳದ ಹಾಗೆ ಕೂತು ಗಾಳಿ ತಡೆಯುತ್ತದೆ. ತೆಂಗಿನ ಚಿಪ್ಪು ಬೇಡ, ಅದು ಕರಗುವ ಹೊತ್ತಿಗೆ ನಿಮ್ಮ ಮೊಮ್ಮಕ್ಕಳು ಬಂದಿರುತ್ತಾರೆ. ಮೀನಿನ ಮುಳ್ಳು ಮೊದಮೊದಲು ಬೇಡ, ಕೈ ಪಳಗಲಿ.

ವಾಸನೆ ಬಂತು ಅಂದರೆ ಡ್ರಮ್ಮಿನೊಳಗೆ ಪುಟ್ಟ ದೇವನಾರ್ ಶುರುವಾಗಿದೆ ಅಂತ ತಿಳಿಯಿರಿ. ನೀರು ಜಾಸ್ತಿಯಾಗಿ ಗಾಳಿ ಹೋಗುತ್ತಿಲ್ಲ. ಬುಡದಿಂದ ಮೇಲಕ್ಕೆ ಕೆದಕಿ, ಒಣ ಎಲೆ ಎರಡು ಹಿಡಿ ಜಾಸ್ತಿ ಹಾಕಿ. ಮುಂಬೈ ಮಳೆಗಾಲದಲ್ಲಿ ಇದು ಆಗಿಯೇ ಆಗುತ್ತದೆ, ಅದಕ್ಕೇ ಮೇ ತಿಂಗಳಲ್ಲೇ ಒಂದು ಗೋಣಿ ತರಗೆಲೆ ತುಂಬಿಸಿಟ್ಟುಕೊಳ್ಳಿ. ಬಿಳಿ ಬೂಸ್ಟು ಕಂಡರೆ ಹೆದರಬೇಡಿ, ಅದು ಕೆಲಸದಾಳು. ದಪ್ಪ ಬೂದು ಹುಳು ಕಂಡರೂ ಅಷ್ಟೇ, ನೋಡಲು ಅಸಹ್ಯ, ತಿನ್ನುವುದರಲ್ಲಿ ಭಾರಿ ಚುರುಕು. ಎರಡು ಮೂರು ತಿಂಗಳಲ್ಲಿ ಕಸದ ರೂಪವೇ ಹೋಗಿ, ಹಿಡಿದರೆ ಪುಡಿಪುಡಿಯಾಗುವ, ಮೊದಲ ಮಳೆಗೆ ನೆಂದ ಮಣ್ಣಿನ ವಾಸನೆಯ ಗೊಬ್ಬರ ಕೈಗೆ ಬರುತ್ತದೆ.

ಇಷ್ಟು ಗೊಬ್ಬರದಿಂದ ರೈತರಿಗೆ ಏನು ಲಾಭ ಅಂತ ನೀವು ಮುಂದೆ ಕೇಳಬಹುದು. ನಿಮ್ಮೊಬ್ಬರ ಡ್ರಮ್ಮಿನಿಂದ ಏನೂ ಇಲ್ಲ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ ಇದ್ದರೆ ಮನೆ ಗೊಬ್ಬರದಲ್ಲಿ ಒಂದೆರಡು ಭಾಗ ಇದ್ದರೆ ಹೆಚ್ಚು. ಆದರೆ ಊರೆಲ್ಲ ಸೇರಿದರೆ ಲೆಕ್ಕ ಬೇರೆ. ಮುಂಬೈಗೆ ತರಕಾರಿ ಬರುವುದು ನಾಸಿಕ್, ಜುನ್ನರ್, ನಾರಾಯಣಗಾಂವ್ ಕಡೆಯಿಂದ. ಪ್ರತಿ ಲಾರಿಯಲ್ಲಿ ಟೊಮೆಟೊ ಜೊತೆ ಅಲ್ಲಿನ ಹೊಲದ ಸಾರಜನಕ, ರಂಜಕ, ಪೊಟ್ಯಾಷ್ ಕೂಡ ಇಳಿಯುತ್ತದೆ. ವಾಪಸ್ ಹೋಗುವ ಲಾರಿಯಲ್ಲಿ ಅದ್ಯಾವುದೂ ಇರುವುದಿಲ್ಲ. ಆ ಕೊರತೆ ತುಂಬಲು ಯೂರಿಯಾ ಬೇಕು, ಅದನ್ನು ಮಾಡಲು ನೈಸರ್ಗಿಕ ಅನಿಲ ಬೇಕು. ಹೊಲಕ್ಕೆ ಹಾಕಿದ ಮೇಲೆ ಅದರ ಸ್ವಲ್ಪ ಭಾಗ ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ. ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 270 ಪಟ್ಟಿಗೂ ಹೆಚ್ಚು ಜೋರು. ಸಾವಯವ ಬೇಸಾಯ ಮಾಡುವವರಿಗೆ ದೊಡ್ಡ ತಲೆನೋವೇ ಗೊಬ್ಬರ. ಎಲ್ಲಿಂದ ತರುವುದು? ನನ್ನನ್ನು ಕೇಳಿದರೆ, ಅಂಗಡಿಯಲ್ಲಿ ಎರಡರಷ್ಟು ದುಡ್ಡು ಕೊಟ್ಟು ಸಾವಯವ ಪಾಲಕ್ ತಂದು, ಅದರ ಬೇರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದೇವನಾರ್‌ಗೆ ಕಳಿಸುವುದು ಅರ್ಧ ಕೆಲಸ.

ಹಸಿ, ಒಣ ಬೇರೆ ಮಾಡಿ ಅಂತ ಒತ್ತಾಯ ಮಾಡುವುದೂ ಇದಕ್ಕೇ. ಕಸದಿಂದ ಮಾಡಿದ ಸಿಟಿ ಕಾಂಪೋಸ್ಟ್ ಮಾರಬೇಕಾದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಮಿತಿಯೊಳಗಿರಬೇಕು. ಕಿಲೋಗೆ 100 ಮಿಲಿಗ್ರಾಂ ಸೀಸಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಬಾಳೆಸಿಪ್ಪೆ ಜೊತೆ ಒಂದು ಹಳೇ ಬ್ಯಾಟರಿ ಬಿದ್ದರೆ ಆ ಗೊಬ್ಬರವನ್ನು ಯಾವ ರೈತ ಹೊಲಕ್ಕೆ ಹಾಕಿಯಾನು?

ಸೊಸೈಟಿಯವರ ಬಗ್ಗೆ ಒಂದು ಮಾತು. ಅವರನ್ನು ಬೈಯಬೇಡಿ. 20,000 ಚದರ ಮೀಟರಿಗಿಂತ ದೊಡ್ಡ ಅಥವಾ ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವ ಸೊಸೈಟಿಗಳು ಹಸಿ ಕಸವನ್ನು ಅಲ್ಲೇ ಗೊಬ್ಬರ ಮಾಡಬೇಕು ಅಂತ ಮುಂಬೈ ಪಾಲಿಕೆ 2017ರಲ್ಲೇ ಹೇಳಿದೆ. ಪುಣೆಯಲ್ಲಾದರೆ ಹೀಗೆ ಮಾಡುವವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿಯೂ ಇದೆ.

ಬಾಲ್ಕನಿ ಚಿಕ್ಕದು, ಡ್ರಮ್ಮಿಗೆ ಜಾಗ ಇಲ್ಲ ಅಂದರೆ ಹಸಿ ಕಸ ಬೇರೆ ಮಾಡಿ ಸೊಸೈಟಿಯ ಗೊಬ್ಬರ ಗುಂಡಿಗೆ ಕೊಡಿ. ಡ್ರಮ್ಮಿದ್ದರೆ, ಬಂದ ಗೊಬ್ಬರವನ್ನೆಲ್ಲ ಕರಿಬೇವಿನ ಕುಂಡಕ್ಕೇ ಸುರಿಯಬೇಡಿ. ಕುಂಡಕ್ಕೆ ತಿಂಗಳಿಗೆ ಒಂದೆರಡು ಹಿಡಿ ಸಾಕು, ಮಿಕ್ಕದ್ದು ಕೆಳಗಿನ ಮರಗಳ ಬುಡಕ್ಕೆ ಹೋಗಲಿ.